ದೂರದಿಂದ ಊರಿನ ಕುಂದುಕೊರತೆ ಬರೆಯುವ ಬಗೆ

ವಾಚನಾಲಯಕ್ಕೆ ಬರುವ ಬಂಧುಗಳಲ್ಲಿ ಹಲವರು ಕಲಬುರಗಿ, ಯಾದಗಿರಿ, ರಾಯಚೂರು, ಬೀದರ ಕಡೆಯಿಂದ ದುಡಿಮೆಗಾಗಿ ಬಂದವರು. ಕೆಲವರು ಕಟ್ಟಡದ ಕೆಲಸದಲ್ಲಿರುವರು, ಕೆಲವರು ನಮ್ಮಂತೆ ಗಿರಣಿಯ ಲೆಕ್ಕದ ಪುಸ್ತಕದ ಮುಂದೆ ಕುಳಿತವರು. ಸಂಜೆ ಪತ್ರಿಕೆ ತಿರುವುವಾಗ ಎಲ್ಲರೂ ಮೊದಲು ಹುಡುಕುವುದು ತಮ್ಮ ಜಿಲ್ಲೆಯ ಸುದ್ದಿ. ಓದಿದ ಮೇಲೆ “ಇದರ ಬಗೆಗೆ ಯಾರಾದರೂ ಬರೆಯಬೇಕು” ಎನ್ನುವರು. ನೀವೇ ಬರೆಯಿರಿ ಎಂದರೆ, “ಊರು ಬಿಟ್ಟು ಬಂದವರಿಗೆ ಊರಿನ ಮಾತಾಡುವ ಹಕ್ಕೆಲ್ಲಿದೆ?” ಎಂದು ಹಿಂದೆ ಸರಿಯುವರು. ಆ ಹಕ್ಕನ್ನೂ, ಬರೆಯುವ ಕ್ರಮವನ್ನೂ ಈ ಪಾಠದಲ್ಲಿ ನೋಡೋಣ.

ನಮ್ಮ ಭಾಗದವರಿಗೆ ಹೈದರಾಬಾದು ಒಂದು ಕಾಲಕ್ಕೆ ಪರಸ್ಥಳವೇ ಆಗಿರಲಿಲ್ಲ. 1956ರ ಅಕ್ಟೋಬರ್ 31ರವರೆಗೆ ಕಲಬುರಗಿಯವನು ಇಲ್ಲಿದ್ದರೆ ತನ್ನ ರಾಜಧಾನಿಯಲ್ಲೇ ಇದ್ದಂತೆ. ಮರುದಿನ ಕನ್ನಡ ಜಿಲ್ಲೆಗಳು ಮೈಸೂರು ರಾಜ್ಯಕ್ಕೆ ಸೇರಿದವು. ಅವನು ಇದ್ದಲ್ಲಿಂದ ಒಂದು ಹೆಜ್ಜೆ ಕದಲದೆಯೇ ಪರರಾಜ್ಯದವನಾದನು. ಗಡಿ ಹೀಗೆ ಒಂದು ರಾತ್ರಿಯಲ್ಲಿ ಸರಿಯಬಲ್ಲದು. ಆದರೆ ಊರಿನಲ್ಲಿ ತಾಯಿ ಇರುವುದು, ತಂಗಿಯ ಮದುವೆ ನಡೆಯಬೇಕಾಗಿರುವುದು, ಪಗಾರದ ಅರ್ಧ ಅಲ್ಲಿಗೇ ಹೋಗುವುದು ಇವು ಗಡಿಯೊಡನೆ ಸರಿಯುವುದಿಲ್ಲ. ಹಕ್ಕಿನ ಬಗೆಗೆ ಇಷ್ಟು ಸಾಕು.

ಬರೆಯುವ ಕ್ರಮಕ್ಕೆ ಹಿರಿಯರ ಉದಾಹರಣೆಗಳಿವೆ. ದಾದಾಭಾಯಿ ನವರೋಜಿಯವರು ಬಹುಕಾಲ ಲಂಡನ್ನಿನಲ್ಲಿದ್ದವರು. 1892ರಲ್ಲಿ ಬ್ರಿಟಿಷ್ ಪಾರ್ಲಿಮೆಂಟಿಗೂ ಆಯ್ಕೆಯಾದವರು. ಭಾರತದ ಬಡತನವನ್ನು ಕುರಿತ ಅವರ ದೊಡ್ಡ ಪುಸ್ತಕ ಅಲ್ಲಿಯೇ 1901ರಲ್ಲಿ ಅಚ್ಚಾಯಿತು. ಭಾರತೀಯನ ವರಮಾನ ತಲೆಗೆ ವರ್ಷಕ್ಕೆ ಸುಮಾರು 20 ರೂಪಾಯಿ ಎಂದು ಅವರು ಲೆಕ್ಕ ಹಾಕಿದ್ದರು. ಅದರ ಪಕ್ಕದಲ್ಲಿ ಜೈಲಿನ ಕೈದಿಯ ಅನ್ನಬಟ್ಟೆಗೆ ಸರಕಾರ ಮಾಡುವ ಖರ್ಚನ್ನು ಇಟ್ಟು ತೋರಿಸಿದರು. ಕೈದಿಯ ಖರ್ಚೇ ಹೆಚ್ಚು! ಲೆಕ್ಕಕ್ಕೆ ಆಧಾರವಾದ ಅಂಕಿಗಳು ಸರಕಾರದ ಕಾಗದಗಳಿಂದಲೇ ತೆಗೆದವು. ಆದುದರಿಂದ “ದೂರದಲ್ಲಿ ಕುಳಿತವನಿಗೇನು ಗೊತ್ತು” ಎಂದು ತಳ್ಳಿಹಾಕುವುದು ಸುಲಭವಾಗಲಿಲ್ಲ. ಗುಮಾಸ್ತರಾದ ನಮಗೆ ಈ ವಿದ್ಯೆ ಕೈಗೆಟುಕದ್ದೇನಲ್ಲ.

ಡಾ. ಅಂಬೇಡ್ಕರರು 1916ರ ಮೇ ತಿಂಗಳಲ್ಲಿ, ಇಪ್ಪತ್ತೈದನೆಯ ವಯಸ್ಸಿನಲ್ಲಿ, ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಭಾರತದ ಜಾತಿಗಳ ಹುಟ್ಟನ್ನು ಕುರಿತು ಇಂಗ್ಲಿಷಿನಲ್ಲಿ ಪ್ರಬಂಧ ಓದಿದರು. ಅದು ಪಂಡಿತರಿಗಾಗಿ. 1920ರ ಜನವರಿಯಲ್ಲಿ ಮುಂಬಯಿಯಿಂದ ‘ಮೂಕನಾಯಕ’ ಹೊರಡಿಸಿದಾಗ ಮರಾಠಿಯಲ್ಲಿ ಬರೆದರು, ಅದು ನೊಂದವರಿಗಾಗಿ. ಹಾಗೆಯೇ ನಾವು ಕೂಡ ಪತ್ರ ಯಾರ ಕೈಗೆ ಸೇರಬೇಕು ಎಂಬುದನ್ನು ಮೊದಲು ಗೊತ್ತುಮಾಡಿಕೊಳ್ಳಬೇಕು. ಇಲ್ಲಿಯ ಗೆಳೆಯರು ತಲೆದೂಗಲೆಂದು ಬರೆದ ಪತ್ರ ತಹಸೀಲ್ದಾರರ ಮೇಜಿನ ಮೇಲೆ ಕೆಲಸಕ್ಕೆ ಬಾರದು.

ಈಗ ಒಂದು ಮಾದರಿ. ಗುಳೆ ಹೋಗುವವರ ಮನೆಯ ಹೆಣ್ಣುಮಕ್ಕಳು ಶಾಲೆ ಬಿಡುವ ವಿಷಯವನ್ನೇ ತೆಗೆದುಕೊಳ್ಳೋಣ. “ನಮ್ಮೂರಿನಲ್ಲಿ ಅಜ್ಞಾನ ತಾಂಡವವಾಡುತ್ತಿದೆ, ಜನರಿಗೆ ವಿದ್ಯೆಯ ಬೆಲೆ ತಿಳಿಯದು” ಎಂದು ಬರೆದರೆ ಓದಿದವನಿಗೆ ಏನೂ ತಿಳಿಯಲಿಲ್ಲ; ಊರಿನವರಿಗೆ ಮಾತ್ರ ಬೈಗುಳ ಸಿಕ್ಕಿತು. “ನಮ್ಮ ಓಣಿಯಿಂದ ದೀಪಾವಳಿಯ ನಂತರ ಒಂಬತ್ತು ಮನೆಯವರು ಗುಳೆ ಹೋದರು. ಆರನೆಯ, ಏಳನೆಯ ತರಗತಿಯ ನಾಲ್ವರು ಹುಡುಗಿಯರು ಜೊತೆಗೆ ಹೋದರು, ತಮ್ಮ ತಂಗಿಯರನ್ನು ಎತ್ತಿಕೊಳ್ಳಲು. ಹಾಜರಿ ಪುಸ್ತಕದಿಂದ ಅವರ ಹೆಸರು ತೆಗೆದಿದ್ದಾರೆಯೆ?” ಎಂದು ಬರೆದರೆ ಉತ್ತರಿಸಬೇಕಾದವನು ಯಾರೆಂದು ತಾನೇ ಗೊತ್ತಾಗುತ್ತದೆ. ಮೇಲಾಗಿ ಆ ಹುಡುಗಿಯರು ಕೂಸನ್ನು ಎತ್ತಿಕೊಂಡು ನಿಂತಿರುವುದು ಊರಿನಲ್ಲಲ್ಲ, ಇಲ್ಲಿ, ಈ ಪಟ್ಟಣದ ಕಟ್ಟಡಗಳ ಬುಡದಲ್ಲಿ. ಅದನ್ನು ಬಿಟ್ಟು ಬರೆದರೆ ಅರ್ಧ ಸತ್ಯವಾದೀತು. ಊರಿನ ಕೊರತೆ ಎನ್ನುವುದು ಎಷ್ಟೋ ಸಲ ನಮ್ಮ ಬೆನ್ನಹಿಂದೆಯೇ ರೈಲು ಹತ್ತಿ ಬಂದಿರುತ್ತದೆ.

ಇನ್ನೊಂದು ಎಚ್ಚರ ಬೇಕು. ನಾವು ಬಿಟ್ಟುಬಂದ ದಿನ ಊರು ನಿಂತುಹೋಗಿಲ್ಲ. ನಾವು ಕಂಡಾಗ ಹೋಟೆಲಿನಲ್ಲಿ ದಲಿತರಿಗೆ ಬೇರೆ ಲೋಟವಿದ್ದಿರಬಹುದು. ಈಗ ಇದೆಯೆ, ಇಲ್ಲವೆ, ಬೇರೆ ರೂಪ ತಾಳಿದೆಯೆ ಎಂದು ಕೇಳಿ ತಿಳಿದೇ ಬರೆಯಬೇಕು. ಕೇಳುವುದು ಯಾರನ್ನು? ಮನೆಯವರನ್ನಷ್ಟೇ ಅಲ್ಲ, ಆ ಲೋಟ ಹಿಡಿದವರನ್ನು.

ಎಲ್ಲಕ್ಕಿಂತ ದೊಡ್ಡ ಮಾತು ಬೆಲೆ ತೆರುವವರದು. ಉರ್ದು ಪತ್ರಿಕೆ ‘ಇಮ್ರೋಜ್’ನ ಸಂಪಾದಕ ಶೋಯೆಬುಲ್ಲಾ ಖಾನರು ರಜಾಕಾರರ ವಿರುದ್ಧ ಬರೆದುದಕ್ಕೆ 1948ರ ಆಗಸ್ಟಿನಲ್ಲಿ ಇದೇ ಹೈದರಾಬಾದಿನಲ್ಲಿ ಕೊಲೆಯಾದರು. ಅವರು ಬರೆದ ಜಾಗದಲ್ಲೇ ನಿಂತಿದ್ದರು. ನಾವೋ ಇನ್ನೂರು ಮುನ್ನೂರು ಕಿಲೋಮೀಟರು ಆಚೆ ಕುಳಿತಿದ್ದೇವೆ. ನಮ್ಮ ಪತ್ರಕ್ಕೆ ಸಿಟ್ಟಾದವನು ಇಲ್ಲಿಯವರೆಗೆ ಬರಲಾರನು. ನಮ್ಮಣ್ಣನ ಹೊಲಕ್ಕೆ ನೀರು ಬಿಡದಿರಬಹುದು, ಅವ್ವನ ರೇಶನ್ ಚೀಟಿಯಲ್ಲಿ ತಕರಾರು ತೆಗೆಯಬಹುದು. ಆದುದರಿಂದ ಬರೆದ ಕಾಗದವನ್ನು ಟಪಾಲಿಗೆ ಹಾಕುವ ಮುನ್ನ ಫೋನಿನಲ್ಲಿ ಊರಿನವರಿಗೆ ಓದಿ ಹೇಳಬೇಕು. ಅವರು “ಈ ಸಾಲು ಬೇಡ” ಎಂದರೆ ತೆಗೆಯಬೇಕು. ಹುಡುಗಿಯರ ಹೆಸರನ್ನಂತೂ, ಬಾಲ್ಯವಿವಾಹವಿರಲಿ, ದೇವದಾಸಿ ಬಿಡುವುದಿರಲಿ, ಪತ್ರಿಕೆಗೆ ಕೊಡಲೇಬಾರದು. ದೇವದಾಸಿ ಬಿಡುವುದನ್ನು ನಿಷೇಧಿಸಿ ಕರ್ನಾಟಕದಲ್ಲಿ 1982ರಲ್ಲಿಯೇ ಕಾನೂನು ಬಂದಿದೆ. ದೂರು ಅಧಿಕಾರಿಗಳಿಗೆ ಹೋಗಲಿ, ಹೆಸರು ಬಜಾರಿಗೆ ಬೇಡ.

ಹೆದರಿಕೆ ಇದ್ದಲ್ಲಿ ದೂರದ ನೆಂಟನೇ ಮಾಡಬಹುದಾದ ಕೆಲಸವೊಂದಿದೆ. 2005ರ ಮಾಹಿತಿ ಹಕ್ಕು ಕಾನೂನಿನಂತೆ ಭಾರತದ ಯಾವ ಪ್ರಜೆಯಾದರೂ, ಎಲ್ಲಿದ್ದರೂ, ಕರ್ನಾಟಕದ ಕಚೇರಿಯಿಂದ ಕಾಗದ ಕೇಳಬಹುದು. ಕನ್ನಡದಲ್ಲಿಯೇ ಬರೆಯಬಹುದು, ಏಕೆ ಬೇಕೆಂದು ಕಾರಣ ಕೊಡಬೇಕಿಲ್ಲ. ಶುಲ್ಕ 10 ರೂಪಾಯಿ, ಪೋಸ್ಟಲ್ ಆರ್ಡರ್ ಇಡಬಹುದು. ಕರ್ನಾಟಕದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದಗಳ ಮಿತಿ ಎಂದಿದೆ. ಉದ್ದ ಬರೆಯುವ ಚಟದವರಿಗೆ ಇದು ಒಳ್ಳೆಯ ಔಷಧ. 30 ದಿನಗಳೊಳಗೆ ಉತ್ತರ ಬರಬೇಕು. ಬಾರದಿದ್ದರೆ ಮುಂದಿನ 30 ದಿನಗಳಲ್ಲಿ ಮೇಲಧಿಕಾರಿಗೆ ಮೇಲ್ಮನವಿ. ಅರ್ಜಿಯ ನಕಲು, ರಿಜಿಸ್ಟರ್ ಮಾಡಿದ ರಸೀದಿ ಎರಡನ್ನೂ ಜೋಪಾನವಾಗಿಡಿ. ಮೇಲ್ಮನವಿಯಲ್ಲಿ ಮೊದಲು ಕೇಳುವುದು ಆ ತಾರೀಖನ್ನೇ.