ವಾಸ ಒಂದು ದೇಶದಲ್ಲಿ, ಉದ್ಯೋಗ ಮತ್ತೊಂದರಲ್ಲಿ: ಸಂಗಾತಿ ವೀಸಾದ ವ್ಯಾಪ್ತಿ ಮತ್ತು ಮಿತಿ

ಜಾಗತೀಕರಣದ ಫಲವಾಗಿ ಕರ್ನಾಟಕದ ಅನೇಕ ಎಂಜಿನಿಯರುಗಳು ಹಾಗೂ ಸಾಫ್ಟ್‌ವೇರ್ ಪರಿಣತರು ಜರ್ಮನಿಯಲ್ಲಿ ಉದ್ಯೋಗ ಪಡೆಯುತ್ತಿದ್ದಾರೆ. ಅವರೊಡನೆ ಪತಿ ಅಥವಾ ಪತ್ನಿ ಕುಟುಂಬ ಪುನರ್ಮಿಲನ ವೀಸಾ, ಅಂದರೆ ರೂಢಿಯ ಮಾತಿನಲ್ಲಿ ಸಂಗಾತಿ ವೀಸಾ, ಪಡೆದು ತೆರಳುವುದು ಸಹಜ. ಈ ಸಂಗಾತಿಗಳಲ್ಲಿ ಬಹುಮಂದಿ ಸ್ವತಃ ಉನ್ನತ ಶಿಕ್ಷಣ ಪಡೆದವರು, ಉದ್ಯೋಗಾನುಭವ ಉಳ್ಳವರು. ಜರ್ಮನಿಯ ಗಡಿ ಪಟ್ಟಣಗಳಲ್ಲಿ ನೆಲೆಸಿದಾಗ ಅವರಿಗೆ ನೆರೆರಾಷ್ಟ್ರದ ಉದ್ಯೋಗಾವಕಾಶಗಳು ಕಣ್ಣೆದುರಿಗೇ ಇರುತ್ತವೆ. ವೈಲ್ ಆಮ್ ರೈನ್ ಪಟ್ಟಣದಿಂದ ಸ್ವಿಟ್ಜರ್ಲೆಂಡಿನ ಬಾಸೆಲ್ ನಗರಕ್ಕೆ 2014ರಿಂದ ಟ್ರ್ಯಾಮ್ ಸಂಚಾರವೇ ಇದೆ. ಟ್ರಿಯರ್ ನಗರದಿಂದ ಲಕ್ಸೆಂಬರ್ಗ್ ಸುಮಾರು 50 ಕಿಲೋಮೀಟರ್ ಮಾತ್ರ.

ಗಡಿಯಲ್ಲಿ ವೀಸಾ ಮುದ್ರೆ ಒತ್ತುವ ಪದ್ಧತಿ ಇಲ್ಲದಿರುವುದರಿಂದ, ಜರ್ಮನಿಯಲ್ಲಿ ಕೆಲಸ ಮಾಡುವ ಹಕ್ಕು ಇದ್ದವರಿಗೆ ಆಚೆ ಬದಿಯಲ್ಲಿಯೂ ಆ ಹಕ್ಕು ಇದೆ ಎಂಬ ಭಾವನೆ ಮೂಡುವುದುಂಟು. ಈ ಭಾವನೆ ತಪ್ಪು. ವಾಸದ ಹಕ್ಕು, ಉದ್ಯೋಗದ ಹಕ್ಕು, ಆದಾಯ ತೆರಿಗೆ ಮತ್ತು ಸಾಮಾಜಿಕ ಭದ್ರತೆ ಎಂಬ ನಾಲ್ಕು ವಿಷಯಗಳನ್ನು ನಾಲ್ಕು ಪ್ರತ್ಯೇಕ ಕಾನೂನುಗಳು ನಿರ್ಧರಿಸುತ್ತವೆ. ಒಂದಕ್ಕೆ ದೊರೆತ ಉತ್ತರ ಮತ್ತೊಂದಕ್ಕೆ ಅನ್ವಯಿಸುವುದಿಲ್ಲ. ಪ್ರಸ್ತುತ ಲೇಖನದಲ್ಲಿ ಈ ನಾಲ್ಕನ್ನೂ ಕ್ರಮವಾಗಿ ಪರಿಶೀಲಿಸಲಾಗಿದೆ.

ಜರ್ಮನಿಯ ಸಂಗಾತಿ ವೀಸಾ ನೀಡುವ ಹಕ್ಕು

ಸಂಗಾತಿಗಳ ಮಟ್ಟಿಗೆ ಜರ್ಮನಿಯ ಕಾನೂನು ಸಾಕಷ್ಟು ಉದಾರವಾಗಿದೆ. 2020ರ ಮಾರ್ಚ್ 1ರಿಂದ ಜಾರಿಯಲ್ಲಿರುವ ನಿಯಮದ ಪ್ರಕಾರ, ಕಾನೂನು ನಿರ್ದಿಷ್ಟವಾಗಿ ನಿಷೇಧಿಸದ ಹೊರತು ಪ್ರತಿಯೊಂದು ವಾಸ ಪರವಾನಗಿಯೂ ಉದ್ಯೋಗದ ಹಕ್ಕನ್ನು ಒಳಗೊಂಡಿರುತ್ತದೆ. ಆದುದರಿಂದ ಸಂಗಾತಿಯು ಜರ್ಮನಿಯೊಳಗೆ ಯಾವುದೇ ಉದ್ಯೋಗದಾತರಲ್ಲಿ ಪ್ರತ್ಯೇಕ ಅನುಮತಿ ಇಲ್ಲದೆ ಕೆಲಸ ಮಾಡಬಹುದು. ಇಯು ಬ್ಲೂ ಕಾರ್ಡ್ ಹೊಂದಿದವರ ಸಂಗಾತಿಗಳಿಗೆ ವೀಸಾ ಪೂರ್ವದ ಜರ್ಮನ್ ಭಾಷಾ ಪರೀಕ್ಷೆಯಿಂದಲೂ ವಿನಾಯಿತಿ ಇದೆ.

ಆದರೆ ಈ ಪರವಾನಗಿಗೆ ಎರಡು ಮಿತಿಗಳಿವೆ. ಮೊದಲನೆಯದಾಗಿ, ಅದು ಮೂಲ ಪರವಾನಗಿದಾರರ ವಾಸದ ಹಕ್ಕನ್ನು ಅವಲಂಬಿಸಿದೆ. ದಾಂಪತ್ಯ ಮುರಿದುಬಿದ್ದಲ್ಲಿ ಸಂಗಾತಿಗೆ ಸ್ವತಂತ್ರ ವಾಸದ ಹಕ್ಕು ದೊರೆಯಲು ಸಾಮಾನ್ಯವಾಗಿ ಜರ್ಮನಿಯಲ್ಲಿ 3 ವರ್ಷಗಳ ಸಹಜೀವನ ಪೂರ್ಣಗೊಂಡಿರಬೇಕು. ಎರಡನೆಯದಾಗಿ, ಅದರಲ್ಲಿ ಅಡಕವಾದ ಉದ್ಯೋಗದ ಹಕ್ಕು ಜರ್ಮನಿಯ ಭೂಪ್ರದೇಶಕ್ಕೆ ಸೀಮಿತ. ಷೆಂಗೆನ್ ವ್ಯವಸ್ಥೆಯಡಿ ಒಂದು ರಾಷ್ಟ್ರದ ವಾಸ ಪರವಾನಗಿ ಇದ್ದವರು ಇತರ ಸದಸ್ಯ ರಾಷ್ಟ್ರಗಳಲ್ಲಿ 180 ದಿನಗಳ ಅವಧಿಯಲ್ಲಿ 90 ದಿನ ತಂಗಬಹುದು. ಇದು ಪ್ರವಾಸದ ಹಕ್ಕೇ ಹೊರತು ವೇತನಕ್ಕಾಗಿ ದುಡಿಯುವ ಹಕ್ಕಲ್ಲ.

ಐರೋಪ್ಯ ನ್ಯಾಯಾಲಯದ ತೀರ್ಪು

ಈ ತತ್ತ್ವವು ಐರೋಪ್ಯ ಪ್ರಜೆಗಳನ್ನು ವಿವಾಹವಾದವರಿಗೂ ಅನ್ವಯಿಸುತ್ತದೆ ಎಂಬುದನ್ನು ಐರೋಪ್ಯ ನ್ಯಾಯಾಲಯವು 2006ರ ಮಾರ್ಚ್ 30ರಂದು ಸಿ-10/05 ಪ್ರಕರಣದಲ್ಲಿ ಸ್ಪಷ್ಟಪಡಿಸಿತು. ಲಕ್ಸೆಂಬರ್ಗ್ ಪ್ರಜೆಯಾದ ಪತ್ನಿ ಬೆಲ್ಜಿಯಂನಲ್ಲಿ ವೃತ್ತಿ ತರಬೇತಿಯಲ್ಲಿದ್ದರು. ಐರೋಪ್ಯ ಒಕ್ಕೂಟದ ಹೊರಗಿನ ರಾಷ್ಟ್ರದವರಾದ ಪತಿ ಲಕ್ಸೆಂಬರ್ಗ್‌ನಲ್ಲಿ ಉದ್ಯೋಗ ಮಾಡಲು ಬಯಸಿದಾಗ ಅಲ್ಲಿನ ಅಧಿಕಾರಿಗಳು ಅನುಮತಿ ನಿರಾಕರಿಸಿದರು. ಐರೋಪ್ಯ ಕಾರ್ಮಿಕರ ಸಂಗಾತಿಗೆ ದೊರೆಯುವ ಉದ್ಯೋಗದ ಹಕ್ಕನ್ನು ಆ ಕಾರ್ಮಿಕರು ಸ್ವತಃ ದುಡಿಯುತ್ತಿರುವ ಸದಸ್ಯ ರಾಷ್ಟ್ರದಲ್ಲಿ ಮಾತ್ರ ಚಲಾಯಿಸಬಹುದು ಎಂಬುದು ನ್ಯಾಯಾಲಯದ ನಿರ್ಣಯ. ಐರೋಪ್ಯ ಪ್ರಜೆಯ ಸಂಗಾತಿಗೇ ಇಲ್ಲದ ಹಕ್ಕನ್ನು ಭಾರತೀಯ ಪರವಾನಗಿದಾರರ ಸಂಗಾತಿ ನಿರೀಕ್ಷಿಸುವಂತಿಲ್ಲ.

ಸ್ವಿಟ್ಜರ್ಲೆಂಡಿನ ಜಿ ಪರವಾನಗಿ

ಸ್ವಿಟ್ಜರ್ಲೆಂಡಿಗೆ ನೆರೆರಾಷ್ಟ್ರಗಳಿಂದ ಬಂದು ದುಡಿಯುವವರ ಸಂಖ್ಯೆ ಸುಮಾರು 4 ಲಕ್ಷ. ಅವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಫ್ರಾನ್ಸ್ ನಿವಾಸಿಗಳು. ಇವರಿಗೆ ನೀಡಲಾಗುವ ಪರವಾನಗಿಯೇ ಜಿ ಪರವಾನಗಿ. ಐರೋಪ್ಯ ಪ್ರಜೆಗಳಿಗೆ ಇದು ಸುಲಭವಾಗಿ ಲಭ್ಯ. 2002ರ ಜೂನ್ 1ರಂದು ಜಾರಿಗೆ ಬಂದ ಮುಕ್ತ ಸಂಚಾರ ಒಪ್ಪಂದದ ಫಲ ಇದು.

ಭಾರತೀಯರಂತಹ ಇತರ ರಾಷ್ಟ್ರಗಳ ಪ್ರಜೆಗಳಿಗೆ 2008ರಿಂದ ಜಾರಿಯಲ್ಲಿರುವ ವಿದೇಶೀಯರ ಕಾಯಿದೆಯ 25ನೇ ವಿಧಿ ಅನ್ವಯಿಸುತ್ತದೆ. ಅರ್ಜಿದಾರರು ನೆರೆರಾಷ್ಟ್ರದಲ್ಲಿ ಕಾಯಂ ವಾಸದ ಹಕ್ಕು ಪಡೆದಿರಬೇಕು, ಆ ರಾಷ್ಟ್ರದ ಗಡಿವಲಯದಲ್ಲಿ ಕನಿಷ್ಠ 6 ತಿಂಗಳು ವಾಸವಾಗಿರಬೇಕು ಮತ್ತು ಸ್ವಿಟ್ಜರ್ಲೆಂಡಿನ ಗಡಿವಲಯದೊಳಗೇ ಕೆಲಸ ಮಾಡಬೇಕು. ಇದರ ಅರ್ಥ ಸ್ಪಷ್ಟ. ತಾತ್ಕಾಲಿಕ ಸಂಗಾತಿ ಪರವಾನಗಿಯ ಮೇಲೆ ಜರ್ಮನಿಯಲ್ಲಿ ವಾಸಿಸುವವರಿಗೆ, ಬಾಸೆಲ್‌ನ ಔಷಧ ಕಂಪನಿಯೊಂದು ಆಹ್ವಾನ ನೀಡಿದರೂ, ಜಿ ಪರವಾನಗಿ ದೊರೆಯುವುದಿಲ್ಲ. ಬ್ಲೂ ಕಾರ್ಡ್ ಹೊಂದಿದವರು ಭಾಷಾ ಜ್ಞಾನಕ್ಕನುಗುಣವಾಗಿ 21 ಅಥವಾ 27 ತಿಂಗಳಲ್ಲಿ ಕಾಯಂ ವಾಸದ ಹಕ್ಕಿಗೆ ಅರ್ಹರಾಗಬಹುದು. ಆದರೆ ಆ ಹಕ್ಕು ತಾನಾಗಿ ಸಂಗಾತಿಗೆ ವರ್ಗವಾಗುವುದಿಲ್ಲ, ಸಂಗಾತಿಯು ತನ್ನದೇ ಅರ್ಹತೆಯ ಮೇಲೆ ಅರ್ಜಿ ಸಲ್ಲಿಸಬೇಕು. ಗಡಿಪಟ್ಟಣದಲ್ಲಿ ಮನೆ ಮಾಡುವ ಮುನ್ನವೇ ದಂಪತಿಗಳು ಈ ಅಂಶವನ್ನು ಗಮನಿಸುವುದು ಒಳಿತು.

ಲಕ್ಸೆಂಬರ್ಗ್‌ನ ಉದ್ಯೋಗ ಅನುಮತಿ

ಲಕ್ಸೆಂಬರ್ಗ್‌ನ ವೇತನದಾರರಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಮಂದಿ ಫ್ರಾನ್ಸ್, ಬೆಲ್ಜಿಯಂ ಮತ್ತು ಜರ್ಮನಿಯಿಂದ ದಿನನಿತ್ಯ ಬಂದು ಹೋಗುವವರು. ಇಲ್ಲಿನ ನಿಯಮ ಸ್ವಿಟ್ಜರ್ಲೆಂಡಿನಷ್ಟು ಕಠಿಣವಲ್ಲ. ನೆರೆರಾಷ್ಟ್ರದಲ್ಲಿ ಕಾನೂನುಬದ್ಧವಾಗಿ ವಾಸಿಸುವ ಐರೋಪ್ಯೇತರ ಪ್ರಜೆಗೆ ಲಕ್ಸೆಂಬರ್ಗ್‌ನ ವಾಸ ಪರವಾನಗಿ ಬೇಕಿಲ್ಲ. ಆದರೆ ಕೆಲಸ ಆರಂಭಿಸುವ ಮುನ್ನ ಉದ್ಯೋಗ ಅನುಮತಿ ಪಡೆಯಲೇಬೇಕು. ಇದಕ್ಕೆ ಪೂರ್ವಭಾವಿಯಾಗಿ ಉದ್ಯೋಗದಾತರು ಖಾಲಿ ಹುದ್ದೆಯನ್ನು ಅಲ್ಲಿನ ರಾಷ್ಟ್ರೀಯ ಉದ್ಯೋಗ ಸಂಸ್ಥೆಯಾದ ಅಡೆಮ್‌ಗೆ ತಿಳಿಸಬೇಕಾಗುತ್ತದೆ. ಅನುಮತಿ ಕೈಸೇರುವ ಮುನ್ನ ಜರ್ಮನಿಯ ಉದ್ಯೋಗಕ್ಕೆ ರಾಜೀನಾಮೆ ನೀಡುವುದು ವಿವೇಕವಲ್ಲ. ಅನುಮತಿ ಇಲ್ಲದೆ ದುಡಿದಲ್ಲಿ ಉದ್ಯೋಗದಾತ ಹಾಗೂ ಉದ್ಯೋಗಿ ಇಬ್ಬರೂ ದಂಡನೆಗೆ ಗುರಿಯಾಗಬಹುದು.

ಆದಾಯ ತೆರಿಗೆ

ಉದ್ಯೋಗದ ಹಕ್ಕು ದೊರೆತ ಬಳಿಕ ಏಳುವ ಮುಂದಿನ ಪ್ರಶ್ನೆ ತೆರಿಗೆಯದು. ಈ ವಿಷಯದಲ್ಲಿ ಎರಡು ಗಡಿಗಳು ಪರಸ್ಪರ ವಿರುದ್ಧ ದಿಕ್ಕಿನಲ್ಲಿವೆ.

ಜರ್ಮನಿ ಮತ್ತು ಸ್ವಿಟ್ಜರ್ಲೆಂಡ್ ನಡುವಿನ ಒಪ್ಪಂದದಂತೆ ನಿತ್ಯ ಮನೆಗೆ ಮರಳುವ ಗಡಿ ಉದ್ಯೋಗಿಯ ವೇತನಕ್ಕೆ ವಾಸದ ರಾಷ್ಟ್ರವಾದ ಜರ್ಮನಿಯೇ ತೆರಿಗೆ ವಿಧಿಸುತ್ತದೆ. ಸ್ವಿಟ್ಜರ್ಲೆಂಡ್ ಒಟ್ಟು ವೇತನದ ಗರಿಷ್ಠ ಶೇ. 4.5ರಷ್ಟನ್ನು ಮಾತ್ರ ಮೂಲದಲ್ಲಿ ಕಡಿತ ಮಾಡಬಹುದು. ಈ ಮೊತ್ತ ಜರ್ಮನಿಯ ತೆರಿಗೆಯಲ್ಲಿ ವಜಾ ಆಗುತ್ತದೆ. ಉದಾಹರಣೆಗೆ, ವಾರ್ಷಿಕ ವೇತನ 80,000 ಫ್ರಾಂಕ್ ಆಗಿದ್ದರೆ ಕಡಿತವು 3,600 ಫ್ರಾಂಕ್ ಮೀರುವಂತಿಲ್ಲ. ಕೆಲಸದ ಕಾರಣದಿಂದ ವರ್ಷದಲ್ಲಿ 60 ದಿನಗಳಿಗಿಂತ ಹೆಚ್ಚು ಮನೆಗೆ ಮರಳದಿದ್ದರೆ ಈ ಸೌಲಭ್ಯ ಇಲ್ಲವಾಗುತ್ತದೆ.

ಲಕ್ಸೆಂಬರ್ಗ್ ಗಡಿಯಲ್ಲಿ ಕೆಲಸ ನಡೆದ ಸ್ಥಳವೇ ಮುಖ್ಯ. ಲಕ್ಸೆಂಬರ್ಗ್‌ನಲ್ಲಿ ದುಡಿದ ದಿನಗಳ ವೇತನಕ್ಕೆ ಅಲ್ಲಿಯೇ ತೆರಿಗೆ. ಜರ್ಮನಿಯು ಆ ಆದಾಯಕ್ಕೆ ವಿನಾಯಿತಿ ನೀಡುತ್ತದೆಯಾದರೂ, ದಂಪತಿಗಳ ಉಳಿದ ಆದಾಯದ ತೆರಿಗೆ ದರವನ್ನು ನಿಗದಿಪಡಿಸುವಾಗ ಅದನ್ನೂ ಲೆಕ್ಕಕ್ಕೆ ಹಿಡಿಯುತ್ತದೆ. ಪರಿಣಾಮವಾಗಿ ಜರ್ಮನಿಯಲ್ಲಿ ದುಡಿಯುವ ಪತಿ ಅಥವಾ ಪತ್ನಿಯ ತೆರಿಗೆ ಹೆಚ್ಚುವ ಸಂಭವ ಇದೆ.

ಸಾಮಾಜಿಕ ಭದ್ರತೆ

ಪಿಂಚಣಿ, ಆರೋಗ್ಯ ವಿಮೆ ಮುಂತಾದವುಗಳಿಗೆ ಐರೋಪ್ಯ ಒಕ್ಕೂಟದ 883/2004 ಸಂಖ್ಯೆಯ ನಿಯಮಾವಳಿ ಆಧಾರ. ಒಬ್ಬ ಉದ್ಯೋಗಿಗೆ ಒಂದೇ ರಾಷ್ಟ್ರದ ಕಾನೂನು, ಅದೂ ಕೆಲಸ ಮಾಡುವ ರಾಷ್ಟ್ರದ್ದು ಎಂಬುದು ಇದರ ಮೂಲಸೂತ್ರ. ಒಕ್ಕೂಟದೊಳಗೆ ಕಾನೂನುಬದ್ಧವಾಗಿ ವಾಸಿಸುವ ಇತರ ರಾಷ್ಟ್ರಗಳ ಪ್ರಜೆಗಳಿಗೂ 1231/2010 ಸಂಖ್ಯೆಯ ನಿಯಮಾವಳಿ ಈ ಸೌಲಭ್ಯವನ್ನು ವಿಸ್ತರಿಸಿದೆ. ಆದರೆ ಆ ವಿಸ್ತರಣೆ ಸ್ವಿಟ್ಜರ್ಲೆಂಡಿಗೆ ಅನ್ವಯಿಸುವುದಿಲ್ಲ ಎಂಬುದನ್ನು ಭಾರತೀಯರು ವಿಶೇಷವಾಗಿ ಗಮನಿಸಬೇಕು.

ಟ್ರಿಯರ್‌ನಲ್ಲಿ ವಾಸಿಸಿ ಲಕ್ಸೆಂಬರ್ಗ್‌ನಲ್ಲಿ ದುಡಿಯುವವರ ವಿಮೆ ಲಕ್ಸೆಂಬರ್ಗ್‌ನದು. ಎಸ್1 ಎಂಬ ಪ್ರಮಾಣಪತ್ರದ ಮೂಲಕ ಅವರು ಜರ್ಮನಿಯಲ್ಲಿಯೂ ಚಿಕಿತ್ಸೆ ಪಡೆಯಬಹುದು. ಪೂರ್ಣವಾಗಿ ಉದ್ಯೋಗ ಕಳೆದುಕೊಂಡಲ್ಲಿ ನಿರುದ್ಯೋಗ ಭತ್ಯೆ ನೀಡುವುದು ವಾಸದ ರಾಷ್ಟ್ರ. ವೃದ್ಧಾಪ್ಯ ಪಿಂಚಣಿಗೆ ಜರ್ಮನಿಯಲ್ಲಿ ಕನಿಷ್ಠ 60 ತಿಂಗಳು, ಲಕ್ಸೆಂಬರ್ಗ್‌ನಲ್ಲಿ 120 ತಿಂಗಳು ವಂತಿಗೆ ಅವಧಿ ಅಗತ್ಯ. ಎರಡೂ ರಾಷ್ಟ್ರಗಳ ಅವಧಿಗಳನ್ನು ಒಟ್ಟುಗೂಡಿಸಲಾಗುವುದರಿಂದ ಅಲ್ಪಾವಧಿಯ ದುಡಿಮೆಯೂ ವ್ಯರ್ಥವಾಗುವುದಿಲ್ಲ.

ಮನೆಯಿಂದ ಕೆಲಸ: ಒಂದು ಲೆಕ್ಕ

ವಾರದ ಕೆಲವು ದಿನ ಮನೆಯಿಂದಲೇ ಕೆಲಸ ಮಾಡುವ ಪದ್ಧತಿ ವ್ಯಾಪಕವಾದ ಮೇಲೆ ಈ ವಿಷಯ ಮತ್ತಷ್ಟು ಜಟಿಲವಾಗಿದೆ. ಟ್ರಿಯರ್ ನಿವಾಸಿಯೊಬ್ಬರು ಲಕ್ಸೆಂಬರ್ಗ್ ಕಂಪನಿಯಲ್ಲಿ ವರ್ಷಕ್ಕೆ 220 ದಿನ ಕೆಲಸ ಮಾಡುತ್ತಾರೆಂದು ಭಾವಿಸೋಣ.

ವಾರಕ್ಕೆ ಒಂದು ದಿನ ಮನೆಯಿಂದ ದುಡಿದರೆ ವರ್ಷಕ್ಕೆ 44 ದಿನ, ಅಂದರೆ ಶೇ. 20. ವಾಸದ ರಾಷ್ಟ್ರದ ಪಾಲು ಶೇ. 25ಕ್ಕಿಂತ ಕಡಿಮೆ ಇರುವುದರಿಂದ ಸಾಮಾಜಿಕ ಭದ್ರತೆ ಲಕ್ಸೆಂಬರ್ಗ್‌ನಲ್ಲಿಯೇ ಉಳಿಯುತ್ತದೆ. ಆದರೆ 2024ರ ಜನವರಿ 1ರಿಂದ ಅನ್ವಯಿಸುವ ತೆರಿಗೆ ಒಪ್ಪಂದದ ರಿಯಾಯಿತಿ 34 ದಿನ ಮಾತ್ರ. ಆ ಮಿತಿ ಮೀರಿದ್ದರಿಂದ ಹೆಚ್ಚುವರಿ 10 ದಿನಗಳಿಗಷ್ಟೇ ಅಲ್ಲ, ಎಲ್ಲ 44 ದಿನಗಳ ವೇತನಕ್ಕೂ ಜರ್ಮನಿಯಲ್ಲಿ ತೆರಿಗೆ ಸಲ್ಲಬೇಕು.

ವಾರಕ್ಕೆ ಎರಡು ದಿನವಾದರೆ ಪಾಲು ಶೇ. 40. ಸಾಮಾನ್ಯ ನಿಯಮದಂತೆ ಸಾಮಾಜಿಕ ಭದ್ರತೆ ಜರ್ಮನಿಗೆ ವರ್ಗವಾಗಬೇಕು. ಆದರೆ 2023ರ ಜುಲೈ 1ರಂದು ಜಾರಿಗೆ ಬಂದ ಬಹುರಾಷ್ಟ್ರೀಯ ಚೌಕಟ್ಟು ಒಪ್ಪಂದದಡಿ, ಶೇ. 50ಕ್ಕಿಂತ ಕಡಿಮೆ ದೂರಕೆಲಸ ಇದ್ದಲ್ಲಿ, ಅರ್ಜಿ ಸಲ್ಲಿಸಿ ಎ1 ಪ್ರಮಾಣಪತ್ರ ಪಡೆದು ಲಕ್ಸೆಂಬರ್ಗ್‌ನ ವಿಮೆಯನ್ನೇ ಮುಂದುವರಿಸಬಹುದು. ವಾರಕ್ಕೆ ಮೂರು ದಿನವಾದರೆ ಈ ಅವಕಾಶವೂ ಇಲ್ಲ.

ಹೀಗೆ ತೆರಿಗೆಯ ಮಿತಿ ಬೇರೆ, ವಿಮೆಯ ಮಿತಿ ಬೇರೆ. ಎರಡನ್ನೂ ದಿನಚರಿಯಲ್ಲಿ ಗುರುತಿಸಿಟ್ಟುಕೊಳ್ಳುವುದು ಅನಿವಾರ್ಯ.

ಬೆಂಗಳೂರಿನ ಉದ್ಯೋಗದಾತರ ಹೊಣೆ

ಸಂಗಾತಿಯು ಜರ್ಮನಿಗೆ ತೆರಳಿದ ಮೇಲೂ ಬೆಂಗಳೂರಿನ ತನ್ನ ಕಂಪನಿಗೇ ಅಂತರ್ಜಾಲದ ಮೂಲಕ ಕೆಲಸ ಮುಂದುವರಿಸುವುದು ಗಡಿಯಾಚೆಯ ಉದ್ಯೋಗದ ಮತ್ತೊಂದು ರೂಪ. ವೇತನ ಭಾರತದ ಬ್ಯಾಂಕ್ ಖಾತೆಗೆ ಜಮೆಯಾಗುತ್ತದೆಂಬ ಕಾರಣಕ್ಕೆ ಅದನ್ನು ಭಾರತದ ಉದ್ಯೋಗವೆಂದು ಪರಿಗಣಿಸುವಂತಿಲ್ಲ. ದುಡಿಮೆ ನಡೆಯುವ ಸ್ಥಳ ಜರ್ಮನಿಯಾದ್ದರಿಂದ ತೆರಿಗೆ ಮತ್ತು ಸಾಮಾಜಿಕ ಭದ್ರತಾ ವಂತಿಗೆಯ ಪ್ರಶ್ನೆ ಅಲ್ಲಿಯೇ ಏಳುತ್ತದೆ. ಉದ್ಯೋಗಿಯ ಹುದ್ದೆ ಹಾಗೂ ಅಧಿಕಾರದ ಸ್ವರೂಪವನ್ನು ಅನುಸರಿಸಿ ಕಂಪನಿಗೆ ಅಲ್ಲಿ ಕಾಯಂ ವ್ಯವಹಾರ ನೆಲೆ ಇದೆಯೆಂದು ತೆರಿಗೆ ಇಲಾಖೆ ಭಾವಿಸುವ ಸಾಧ್ಯತೆಯೂ ಉಂಟು.

ಭಾರತ ಮತ್ತು ಜರ್ಮನಿ ನಡುವೆ 2017ರ ಮೇ 1ರಿಂದ ಸಮಗ್ರ ಸಾಮಾಜಿಕ ಭದ್ರತಾ ಒಪ್ಪಂದ ಜಾರಿಯಲ್ಲಿದೆ. ಇದರಡಿ ಕಂಪನಿಯೇ ನಿಯೋಜಿಸಿ ಕಳುಹಿಸಿದ ಉದ್ಯೋಗಿಯು ಭವಿಷ್ಯನಿಧಿ ಸಂಘಟನೆಯಿಂದ ವ್ಯಾಪ್ತಿ ಪ್ರಮಾಣಪತ್ರ ಪಡೆದು ಜರ್ಮನಿಯ ಪಿಂಚಣಿ ವಂತಿಗೆಯಿಂದ ನಿಗದಿತ ಅವಧಿಗೆ ಮುಕ್ತನಾಗಬಹುದು. ಪತಿ ಅಥವಾ ಪತ್ನಿಯೊಡನೆ ವಾಸಿಸಲೆಂದು ತೆರಳಿದವರನ್ನು ನಿಯೋಜಿತ ಉದ್ಯೋಗಿಗಳೆಂದು ತೋರಿಸುವುದು ಸರಿಯಲ್ಲ. ಉತ್ತಮ ಉದ್ಯೋಗಿಯನ್ನು ಕಳೆದುಕೊಳ್ಳಬಾರದೆಂಬ ಕಂಪನಿಯ ಆಶಯ ಸಾಧುವಾದುದೇ. ಆದರೆ ಅದನ್ನು ಮೌಖಿಕ ಒಪ್ಪಿಗೆಯಿಂದಲ್ಲ, ಸೂಕ್ತ ನೋಂದಣಿ ಹಾಗೂ ಲಿಖಿತ ಕರಾರಿನಿಂದ ಈಡೇರಿಸಬೇಕು.

ನಿರ್ಧಾರಕ್ಕೆ ಮುನ್ನ ಗಮನಿಸಬೇಕಾದ ಅಂಶಗಳು

1. ಉದ್ಯೋಗ ನೀಡುವ ರಾಷ್ಟ್ರದ ಅನುಮತಿ ನಿಯಮವನ್ನು ಮೊದಲು ಪರಿಶೀಲಿಸಿ, ವೇತನದ ಮಾತುಕತೆಯನ್ನು ಆನಂತರ ನಡೆಸಬೇಕು.

2. ಸಂಗಾತಿ ಪರವಾನಗಿಯ ಮುಕ್ತಾಯ ದಿನಾಂಕ ಮತ್ತು ಮೂಲ ಪರವಾನಗಿದಾರರ ಉದ್ಯೋಗ ಕರಾರಿನ ಅವಧಿಯನ್ನು ಜೊತೆಯಾಗಿ ನೋಡಬೇಕು.

3. ಮನೆಯಿಂದ ಕೆಲಸ ಮಾಡುವ ದಿನಗಳ ಗರಿಷ್ಠ ಸಂಖ್ಯೆಯನ್ನು ಉದ್ಯೋಗ ಕರಾರಿನಲ್ಲಿಯೇ ನಮೂದಿಸಬೇಕು.

4. ಕೈಗೆ ಬರುವ ವೇತನವನ್ನು ದಂಪತಿಗಳ ಒಟ್ಟು ತೆರಿಗೆಯ ಆಧಾರದ ಮೇಲೆ ಲೆಕ್ಕ ಹಾಕಬೇಕು.

5. ಜರ್ಮನಿಯು 2024ರ ಸೆಪ್ಟೆಂಬರ್‌ನಲ್ಲಿ ತನ್ನ ಎಲ್ಲ ಭೂಗಡಿಗಳಲ್ಲಿ ತಪಾಸಣೆ ಆರಂಭಿಸಿದ್ದನ್ನು ನೆನಪಿನಲ್ಲಿಟ್ಟು, ಪಾಸ್‌ಪೋರ್ಟ್, ವಾಸ ಪರವಾನಗಿ ಹಾಗೂ ಉದ್ಯೋಗ ಅನುಮತಿಯನ್ನು ನಿತ್ಯ ಪ್ರಯಾಣದಲ್ಲಿ ಜೊತೆಗಿರಿಸಿಕೊಳ್ಳಬೇಕು.

ಗಡಿಯಾಚೆಯ ಹೆಚ್ಚಿನ ವೇತನ ಆಕರ್ಷಕವೇನೋ ಹೌದು. ಆದರೆ ಒಂದು ತಪ್ಪು ಹೆಜ್ಜೆಯಿಂದ ಕುಟುಂಬದ ವಾಸದ ನೆಲೆಯೇ ಅಲುಗಾಡಬಹುದು. ಸಂಗಾತಿಯ ವಿದ್ಯೆ ಮತ್ತು ಅನುಭವ ಮನೆಯ ನಾಲ್ಕು ಗೋಡೆಗಳೊಳಗೆ ವ್ಯರ್ಥವಾಗುವುದೂ ಸಣ್ಣ ನಷ್ಟವೇನಲ್ಲ. ಆದುದರಿಂದ ಉದ್ಯೋಗಿಗಳನ್ನು ವಿದೇಶಕ್ಕೆ ಕಳುಹಿಸುವ ಸಂಸ್ಥೆಗಳು ಊರಿನ ಆಯ್ಕೆ ನಡೆಯುವ ಹಂತದಲ್ಲಿಯೇ, ಮೂಲ ಉದ್ಯೋಗಿಯ ಜೊತೆಗೆ ಸಂಗಾತಿಗೂ ಈ ಮಾಹಿತಿಯನ್ನು ಒದಗಿಸುವುದು ಅಪೇಕ್ಷಣೀಯ.