ಗರ್ಭಿಣಿಯರಲ್ಲಿ ಮಧುಮೇಹ: ಗರ್ಭಸ್ಥ ಶಿಶುವಿನ ಕ್ಷೇಮದ ಮೇಲೆ ನಿಗಾ

ಗರ್ಭಿಣಿಯ ರಕ್ತದಲ್ಲಿ ಹೆಚ್ಚಿದ ಸಕ್ಕರೆಯು ಮಾಸಿನ ಮೂಲಕ ಶಿಶುವಿಗೂ ತಲುಪುತ್ತದೆ. ಇದರಿಂದ ಶಿಶು ಅತಿಯಾಗಿ ಬೆಳೆದು ಹೆರಿಗೆ ಕಷ್ಟವಾಗಬಹುದು. ಸಕ್ಕರೆ ಹತೋಟಿ ತಪ್ಪಿದಲ್ಲಿ, ಕೊನೆಯ ವಾರಗಳಲ್ಲಿ ಶಿಶು ಗರ್ಭದಲ್ಲಿಯೇ ಅಸುನೀಗುವ ಅಪಾಯವೂ ಇದೆ. ತಾಯಿಗೆ ಯಾವ ನೋವೂ ಕಾಣದಿರಬಹುದಾದ ಕಾರಣ ನಿರಂತರ ನಿಗಾ ಅವಶ್ಯಕ.

1. ಪತ್ತೆ: ಗರ್ಭಿಣಿಯ ಮೊದಲ ತಪಾಸಣೆಯಲ್ಲಿಯೂ, ಪುನಃ 24ರಿಂದ 28ನೇ ವಾರದಲ್ಲಿಯೂ 75 ಗ್ರಾಂ ಗ್ಲೂಕೋಸ್ ಕುಡಿಸಿ, ಎರಡು ಗಂಟೆಯ ನಂತರ ರಕ್ತ ಪರೀಕ್ಷಿಸಲಾಗುತ್ತದೆ. ಸಕ್ಕರೆ 140 ಮಿ.ಗ್ರಾಂ ಅಥವಾ ಅದಕ್ಕಿಂತ ಹೆಚ್ಚಿದ್ದಲ್ಲಿ ಅದು ಗರ್ಭಾವಸ್ಥೆಯ ಮಧುಮೇಹ.

2. ಸ್ಕ್ಯಾನಿಂಗ್: 20 ವಾರಕ್ಕೆ ಮುನ್ನ ಮಧುಮೇಹ ಪತ್ತೆಯಾದಲ್ಲಿ, ಶಿಶುವಿನ ಅಂಗರಚನೆ ತಿಳಿಯಲು 18–20ನೇ ವಾರದಲ್ಲಿ ಸ್ಕ್ಯಾನ್ ಆಗಬೇಕು. ಮಧುಮೇಹವಿರುವ ಎಲ್ಲ ಗರ್ಭಿಣಿಯರಿಗೂ 28–30 ಹಾಗೂ 34–36ನೇ ವಾರಗಳಲ್ಲಿ ಶಿಶುವಿನ ಬೆಳವಣಿಗೆ ಮತ್ತು ಗರ್ಭಜಲದ ಪ್ರಮಾಣ ನೋಡಬೇಕು. ಪ್ರತಿ ತಪಾಸಣೆಯಲ್ಲಿಯೂ ಶಿಶುವಿನ ಹೃದಯ ಬಡಿತ ಆಲಿಸಬೇಕು.

3. ಮನೆಯಲ್ಲಿ ಎಣಿಕೆ: ಊಟದ ನಂತರ ತಾಯಿ ಒಂದು ಮಗ್ಗುಲಿಗೆ ಮಲಗಿ ಶಿಶುವಿನ ಒದೆತಗಳನ್ನು ಎಣಿಸಬೇಕು. ಎರಡು ಗಂಟೆಯೊಳಗೆ ಹತ್ತು ಒದೆತ ತಿಳಿಯದಿದ್ದಲ್ಲಿ ಕೂಡಲೇ ಆರೋಗ್ಯ ಸಿಬ್ಬಂದಿಗೆ ತಿಳಿಸಬೇಕು. ‘ಬೆಳಗಾಗಲಿ, ನೋಡೋಣ’ ಎಂದು ಕಾಯುವುದು ಸಲ್ಲದು. ಶಿಶುವಿನ ಪಾಲಿಗೆ ಆ ಒಂದು ರಾತ್ರಿಯೇ ನಿರ್ಣಾಯಕವಾಗಬಹುದು.

ನಿಗಾ ತಪ್ಪುವುದೆಲ್ಲಿ?

ಸೀಮಂತದ ನಂತರ ಗರ್ಭಿಣಿಯು ತವರಿಗೆ ತೆರಳುವುದು ನಮ್ಮಲ್ಲಿ ವಾಡಿಕೆ. 34–36ನೇ ವಾರದ ಸ್ಕ್ಯಾನ್ ಬರುವುದೂ ಇದೇ ಅವಧಿಯ ಆಸುಪಾಸಿನಲ್ಲಿ. ಗಂಡನ ಊರಿನ ಆಶಾ ಕಾರ್ಯಕರ್ತೆಯು ‘ತವರಿಗೆ ಹೋದಳು’ ಎಂದು ತಿಳಿದಿರುತ್ತಾರೆ. ತವರೂರಿನವರಿಗೆ ಮಧುಮೇಹದ ಸಂಗತಿಯೇ ತಿಳಿದಿರುವುದಿಲ್ಲ. ಅಪಾಯ ಹೆಚ್ಚುವ ವಾರಗಳಲ್ಲಿಯೇ ನಿಗಾ ಕಡಿದುಹೋಗುತ್ತದೆ.

ಸದಸ್ಯರು ಗಮನಿಸಬೇಕಾದ ಅಂಶಗಳು

ಅ) ಗರ್ಭಿಣಿಯು ತವರಿಗೆ ತೆರಳುವಾಗ ತಾಯಿ ಕಾರ್ಡ್ ಜೊತೆಗೊಯ್ಯುವಂತೆಯೂ, ಎರಡೂ ಊರುಗಳ ಆಶಾ ಕಾರ್ಯಕರ್ತೆಯರು ಪರಸ್ಪರ ಮಾಹಿತಿ ನೀಡುವಂತೆಯೂ ನೋಡಿಕೊಳ್ಳುವುದು.

ಆ) ಪ್ರತಿ ತಿಂಗಳ 9ರಂದು ನಡೆಯುವ ಪ್ರಧಾನಮಂತ್ರಿ ಸುರಕ್ಷಿತ ಮಾತೃತ್ವ ಅಭಿಯಾನದ ತಪಾಸಣೆಗೆ ದೂರದ ತಾಂಡಾ, ಹಾಡಿಗಳ ಗರ್ಭಿಣಿಯರೂ ತಲುಪುವಂತೆ ನೆರವಾಗುವುದು.

ಇ) ರಾತ್ರಿ ವೇಳೆಯ ತುರ್ತಿಗೆ 108 ಆಂಬ್ಯುಲೆನ್ಸ್ ಕರೆಯುವ ಕುರಿತು ಪ್ರತಿ ಮನೆಗೂ ತಿಳಿವಳಿಕೆ ನೀಡುವುದು, ವಾಹನ ಬಾರದ ದಾರಿಗಳನ್ನು ಗುರುತಿಸಿ ಪರ್ಯಾಯ ವ್ಯವಸ್ಥೆ ಮಾಡುವುದು.

ಈ) ಗರ್ಭಿಣಿಯರ ಹೆಸರು, ಕಾಯಿಲೆಗಳನ್ನು ಸಭೆಯಲ್ಲಿ ಬಹಿರಂಗಪಡಿಸದಿರುವುದು. ಸ್ಕ್ಯಾನಿಂಗ್ ಶಿಶುವಿನ ಕ್ಷೇಮಕ್ಕಾಗಿಯೇ ಹೊರತು ಲಿಂಗಪತ್ತೆಗಲ್ಲ. ಲಿಂಗಪತ್ತೆ ಶಿಕ್ಷಾರ್ಹ ಅಪರಾಧ.

ಚಿಕಿತ್ಸೆ ವೈದ್ಯರ ಹೊಣೆ. ತಾಯಿಯು ಸಕಾಲದಲ್ಲಿ ಅವರ ಬಳಿ ತಲುಪುವಂತೆ ನೋಡಿಕೊಳ್ಳುವುದು ಪಂಚಾಯಿತಿಯ ಹೊಣೆ.