ಹೊಳೆ ಏರುತ್ತದೆ, ಎರೆ ಉಬ್ಬುತ್ತದೆ: ಬೆಳವಣಿಗೆಯ ಇಂಗ್ಲಿಷ್ ಕ್ರಿಯಾಪದಗಳಿಗೆ ಎಂಟು ಸೂತ್ರಗಳು

ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಕಡೆಯ ಕನ್ನಡ ಮಾಧ್ಯಮದ ಮಕ್ಕಳು ಇಂಗ್ಲಿಷ್ ಬರೆಯಲು ಕೂತರೆ 'ಇನ್‌ಕ್ರೀಸ್' ಎಂಬ ಒಂದೇ ಪದದ ಮೇಲೆ ಎಲ್ಲ ಭಾರ ಹಾಕುತ್ತಾರೆ. ಗಿಡ ಇನ್‌ಕ್ರೀಸ್, ಊರು ಇನ್‌ಕ್ರೀಸ್, ಕಾಲಿನ ಬಾವೂ ಇನ್‌ಕ್ರೀಸ್. ಅದೇ ಮಕ್ಕಳು ಕನ್ನಡದಲ್ಲಿ ಎಂದೂ ಎಡವುವುದಿಲ್ಲ. ಪೈರು ಬೆಳೆಯಿತು, ಹೊಳೆ ಏರಿತು, ಹಿಟ್ಟು ಉಬ್ಬಿತು, ಕಾಲು ಬಾತಿತು, ಬೆಲೆ ಹೆಚ್ಚಿತು. ಪ್ರತಿಯೊಂದಕ್ಕೂ ಅದರದೇ ಮಾತು. ಇಂಗ್ಲಿಷಿಗೂ ಈ ವಿವೇಕವೇ ಬೇಕು, ಮತ್ತು ಅದು ನಿಮ್ಮಲ್ಲಿ ಆಗಲೇ ಇದೆ.

1. ಬೆಳೆದದ್ದು ಏನು ಎಂದು ಮೊದಲು ಕೇಳಿಕೊಳ್ಳಿ. ಜೀವವಿರುವುದಕ್ಕೆ 'ಗ್ರೋ'. ಎಣಿಕೆ, ಅಳತೆಗೆ 'ಇನ್‌ಕ್ರೀಸ್'. ಮಟ್ಟಕ್ಕೆ 'ರೈಜ್'. ಒಳಗಿನಿಂದ ಉಬ್ಬಿದರೆ 'ಸ್ವೆಲ್'. ಹರವು ಹಿಗ್ಗಿದರೆ 'ಎಕ್ಸ್‌ಪ್ಯಾಂಡ್'. ಊರು, ವ್ಯಾಪಾರಗಳಿಗೂ 'ಗ್ರೋ' ಸಲ್ಲುತ್ತದೆ, ಅಂಜಬೇಡಿ.

2. 'ರೈಜ್' ಮತ್ತು 'ರೇಜ್' ಬೆರೆಸಬೇಡಿ. ಪರೀಕ್ಷೆಗಳಲ್ಲಿ ಅಂಕ ಕಳೆಯುವ ಜೋಡಿ ಇದು. ಕನ್ನಡದ ಏರು, ಏರಿಸು ನೆನೆಯಿರಿ. ಮಲೆನಾಡಿನಲ್ಲಿ ಮಳೆ ಹಿಡಿದರೆ ಮುನಿರಾಬಾದಿನ ತುಂಗಭದ್ರಾ ಜಲಾಶಯದ ಮಟ್ಟ 1633 ಅಡಿಯತ್ತ ತಾನೇ ಏರುತ್ತದೆ: 'ದಿ ಲೆವೆಲ್ ರೈಜಸ್.' ಆದರೆ ಅಲ್ಲಿನ 33 ಕ್ರೆಸ್ಟ್ ಗೇಟುಗಳು ತಾವಾಗಿ ಏಳುವುದಿಲ್ಲ, ಯಾರಾದರೂ ಎತ್ತಬೇಕು: 'ದಿ ಎಂಜಿನಿಯರ್ಸ್ ರೇಜ್ ದಿ ಗೇಟ್ಸ್.' ಭೂತಕಾಲದಲ್ಲಿ ಮಟ್ಟಕ್ಕೆ 'ರೋಜ್', ಗೇಟಿಗೆ 'ರೇಜ್ಡ್'. ಉಚ್ಚಾರಣೆಯಲ್ಲೂ ಎಚ್ಚರವಿರಲಿ. ಕ್ರಿಯಾಪದದ ಕೊನೆಯಲ್ಲಿ ದುಂಬಿಯ ಝೇಂಕಾರದಂಥ ಸದ್ದಿದೆ. ಅದನ್ನು ಬಿಟ್ಟರೆ ಕೇಳುವವರಿಗೆ ಗಂಗಾವತಿಯ ಅಕ್ಕಿ ನೆನಪಾಗುತ್ತದೆ.

3. 'ಗ್ರೋ' ಎರಡೂ ಕೆಲಸ ಮಾಡುತ್ತದೆ. ನಮ್ಮಲ್ಲಿ ಬೆಳೆ, ಬೆಳೆಸು ಬೇರೆ ಬೇರೆ. ಇಂಗ್ಲಿಷಿಗೆ ಒಂದೇ ಸಾಕು. ಎಡದಂಡೆ ಕಾಲುವೆಯ ನೀರಿನಲ್ಲಿ ಭತ್ತ ಬೆಳೆಯುವುದೂ 'ಗ್ರೋ', ರೈತರು ಅದನ್ನು ಬೆಳೆಸುವುದೂ 'ಗ್ರೋ'. ಆದರೆ ಕುರಿ, ಕೋಳಿ ಸಾಕುವುದಕ್ಕೆ 'ರೇಜ್'. ಮಕ್ಕಳು ದೊಡ್ಡವರಾದರೆ 'ಗ್ರೋ ಅಪ್', ನಾವು ಅವರನ್ನು ಬೆಳೆಸಿದರೆ 'ಬ್ರಿಂಗ್ ಅಪ್'. ಮೈತೂಕ ಏರಿದರೆ 'ಗೇನ್ ವೇಟ್'.

4. 'ಬೈ' ಮತ್ತು 'ಟು' ಲೆಕ್ಕಕ್ಕೇ ಕೈಹಾಕುತ್ತವೆ. ಕೊಪ್ಪಳ ಜಿಲ್ಲೆಯ ಜನಸಂಖ್ಯೆ 2001ರ ಜನಗಣತಿಯಲ್ಲಿ 11,96,089, 2011ರಲ್ಲಿ 13,89,920. ಮುಟ್ಟಿದ ಅಂಕಿ ಹೇಳುವಾಗ 'ಇನ್‌ಕ್ರೀಸ್ಡ್ ಟು' 13,89,920. ಕೂಡಿಕೊಂಡ ಅಂಕಿ ಹೇಳುವಾಗ 'ಇನ್‌ಕ್ರೀಸ್ಡ್ ಬೈ' 1,93,831. 'ಟು' ಇರಬೇಕಾದಲ್ಲಿ 'ಬೈ' ಬರೆದರೆ ಹತ್ತೇ ವರ್ಷದಲ್ಲಿ ಜಿಲ್ಲೆ ಇಮ್ಮಡಿಗೂ ಮಿಗಿಲಾಗಿ ಹಿಗ್ಗಿದಂತಾಯಿತು. ಗ್ರಾಫ್ ವಿವರಿಸುವ ಪ್ರಶ್ನೆಗೆ ಕೂರುವ ಮುನ್ನ ಈ ಎರಡು ಪುಟ್ಟ ಪದಗಳನ್ನು ನಿಮ್ಮ ಊರಿನ ಅಂಕಿಗಳ ಮೇಲೆ ಪ್ರಯೋಗಿಸಿ ನೋಡಿ, ಮತ್ತೆ ಮರೆಯುವುದಿಲ್ಲ. ಇನ್ನೊಂದು ಮಾತು: 'ಇನ್‌ಕ್ರೀಸ್' ಕ್ರಿಯಾಪದವಾದಾಗ ಒತ್ತು ಎರಡನೆಯ ಭಾಗಕ್ಕೆ, ನಾಮಪದವಾದಾಗ ಮೊದಲ ಭಾಗಕ್ಕೆ.

5. ಉಬ್ಬುವುದು ಬೇರೆ, ಉದ್ದವಾಗುವುದು ಬೇರೆ. ಯಲಬುರ್ಗಾದ ಎರೆಹೊಲ ನೋಡಿದವರಿಗೆ 'ಸ್ವೆಲ್' ವಿವರಿಸಬೇಕಿಲ್ಲ. ಬೇಸಿಗೆಯಲ್ಲಿ ಬಾಯಿಬಿಟ್ಟ ನೆಲ ಮಳೆ ಬಿದ್ದೊಡನೆ ನೀರು ಕುಡಿದು ಉಬ್ಬಿ ಬಿರುಕು ಮುಚ್ಚಿಕೊಳ್ಳುತ್ತದೆ. ಕಾರಣ ಅದರಲ್ಲಿರುವ ಜೇಡಿ. ಮನೆಗೆ ಬುನಾದಿ ಹಾಕುವ ಎಂಜಿನಿಯರುಗಳು ಇಂಥ ಮಣ್ಣಿಗೆ 'ಎಕ್ಸ್‌ಪ್ಯಾನ್ಸಿವ್ ಸಾಯಿಲ್' ಎನ್ನುವುದೂ ಇದಕ್ಕೇ. ನೆನೆಹಾಕಿದ ಕಡಲೆಗೂ, ಉಳುಕಿದ ಕಾಲಿಗೂ 'ಸ್ವೆಲ್' ಹೊಂದುತ್ತದೆ. ಬಿಸಿಲಿಗೆ ರೈಲು ಹಳಿ ಹಿಗ್ಗಿದರೆ 'ಎಕ್ಸ್‌ಪ್ಯಾಂಡ್'. ಅದೇ ಹಳಿಯನ್ನು ತಳಕಲ್ಲಿನಿಂದ ಕುಷ್ಟಗಿಯವರೆಗೆ, ಗಂಗಾವತಿಯಿಂದ ಕಾರಟಗಿಯವರೆಗೆ ಮುಂದಕ್ಕೆ ಒಯ್ದರೆ 'ಎಕ್ಸ್‌ಟೆಂಡ್'.

6. ಬಾಲ ಸೇರಿಸಿ ಕ್ರಿಯಾಪದ ಮಾಡಿ. 'ವೈಡ್'ಗೆ ಬಾಲ ಸೇರಿದರೆ 'ವೈಡನ್', 'ಡೀಪ್'ಗೆ ಸೇರಿದರೆ 'ಡೀಪನ್'. 2019ರಲ್ಲಿ ಕೊಪ್ಪಳದ ಗವಿಮಠದ ಅಭಿನವ ಗವಿಸಿದ್ಧೇಶ್ವರ ಸ್ವಾಮೀಜಿ ಮುಂದೆ ನಿಂತು ಜನರೊಂದಿಗೆ ಹಿರೇಹಳ್ಳದ ಹೂಳು, ಮುಳ್ಳುಕಂಟಿ ತೆಗೆಸಿದರು. ಹಾಗೆ ಹಳ್ಳ ಅಗಲವಾಯಿತು, ಆಳವಾಯಿತು. ಆ ಕೆಲಸವನ್ನು ಇಂಗ್ಲಿಷಿನಲ್ಲಿ ಹೇಳಲು ಈ ಎರಡು ಕ್ರಿಯಾಪದಗಳಿಗಿಂತ ಒಳ್ಳೆಯವು ಇಲ್ಲ. 'ಲೆಂತ್', 'ಸ್ಟ್ರೆಂತ್' ಎಂಬ ನಾಮಪದಗಳೂ ಇದೇ ದಾರಿ ಹಿಡಿದು 'ಲೆಂತನ್', 'ಸ್ಟ್ರೆಂತನ್' ಆಗುತ್ತವೆ. ಆದರೆ 'ಬಿಗ್'ಗೆ ಬಾಲ ಹಚ್ಚಬೇಡಿ. ಫೋಟೊ ದೊಡ್ಡದು ಮಾಡಿಸಿದರೆ ಅದು 'ಎನ್‌ಲಾರ್ಜ್'.

7. ಬೇಡದ ಬೆಳವಣಿಗೆಗೂ ಪದ ಬೇಕು. ಜಲಾಶಯದ ತಳದಲ್ಲಿ ಹೂಳು ಸೇರುತ್ತ ಹೋದರೆ 'ಅಕ್ಯುಮ್ಯುಲೇಟ್'. ಮೊದಲು 133 ಟಿಎಂಸಿ ಹಿಡಿಯುತ್ತಿದ್ದ ತುಂಗಭದ್ರೆಯಲ್ಲಿ ಈಗ 105ರ ಆಸುಪಾಸು ಮಾತ್ರ ನಿಲ್ಲುತ್ತದೆ. ಒಂದು 'ಅಕ್ಯುಮ್ಯುಲೇಟ್' ಆದಷ್ಟೂ ಇನ್ನೊಂದು 'ಡಿಕ್ರೀಸ್' ಆಗುವುದನ್ನು ಒಂದೇ ವಾಕ್ಯದಲ್ಲಿ ಬರೆಯಲು ಕಲಿತರೆ ಪ್ರಬಂಧ ಗಟ್ಟಿಯಾಗುತ್ತದೆ. ಕುಷ್ಟಗಿಯ ದಾಳಿಂಬೆ ಬೆಳೆಗಾರರನ್ನು ಕಾಡುವ ದುಂಡಾಣು ಅಂಗಮಾರಿ ತೋಟದಿಂದ ತೋಟಕ್ಕೆ ಹಬ್ಬಿದರೆ 'ಸ್ಪ್ರೆಡ್'. ರೋಗಾಣು ಒಂದು ಎರಡಾಗಿ, ಎರಡು ನಾಲ್ಕಾದರೆ 'ಮಲ್ಟಿಪ್ಲೈ'.

8. ಮುಂಗಾರಿನಲ್ಲಿ ದಿನವೂ ಮೂರು ವಾಕ್ಯ ಬರೆಯಿರಿ. ಜುಲೈ, ಆಗಸ್ಟ್ ತಿಂಗಳಲ್ಲಿ ಜಲಾಶಯದ ಒಳಹರಿವು, ಮಟ್ಟ, ಹೊರಹರಿವುಗಳನ್ನು ಪತ್ರಿಕೆಗಳು ಅಚ್ಚುಹಾಕುತ್ತವೆ. ಒಳಹರಿವಿಗೆ 'ಇನ್‌ಕ್ರೀಸ್ಡ್ ಟು', ಮಟ್ಟಕ್ಕೆ 'ರೋಜ್ ಬೈ', ಗೇಟುಗಳಿಗೆ 'ವರ್ ರೇಜ್ಡ್' ಬಳಸಿ ಬರೆದು ಗೆಳೆಯರ ಕೈಯಲ್ಲಿ ತಿದ್ದಿಸಿ. ಮಳೆ ನಿಂತು ಮಟ್ಟ ಇಳಿಯತೊಡಗಿದ ಮೇಲೆ ಅದೇ ಪುಸ್ತಕದಲ್ಲಿ 'ಫೆಲ್ ಬೈ' ಎಂದು ಮುಂದುವರಿಸಿ.